ಸೋಲಿನ ಋತುವಿನ ಸಾರಥಿ

ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡೆಸೆದು ತಂಡದ ಆಕ್ರಮಣವನ್ನು ನಡೆಸುವ ಕ್ವಾರ್ಟರ್‌ಬ್ಯಾಕನ ವಿದ್ಯೆಯೆಲ್ಲವೂ ಎಸೆಯುವ ತೋಳಿನಲ್ಲಿ ನೆಲೆಸಿದೆಯೆಂದು ಭಾವಿಸುವ ಪ್ರೇಕ್ಷಕನು, ಚೆಂಡು ಕೈಗೆ ಬಂದೊಡನೆ ಆತನ ಪಾದಗಳು ಹಿಂದಕ್ಕಿಡುವ ಅಳತೆಯ ಹೆಜ್ಜೆಗಳನ್ನೂ, ಚೆಂಡಿನ ಮೇಲಣ ಹೊಲಿಗೆದಾರವನ್ನು ನೋಡದೆಯೇ ತಡವಿ ಹಿಡಿಯುವ ಬೆರಳುಗಳನ್ನೂ, ಒಂದು ದಿಕ್ಕನ್ನು ದಿಟ್ಟಿಸಿ ರಕ್ಷಕನನ್ನು ಅತ್ತ ಸೆಳೆದು ಮತ್ತೊಂದು ದಿಕ್ಕಿಗೆ ಗುರಿಯಿಡುವ ಕಣ್ಣುಗಳ ಚಾತುರ್ಯವನ್ನೂ ಕಾಣಲಾರನು. ಸಹ ಆಟಗಾರನು ಇನ್ನೂ ತಲುಪದ, ತಿರುಗಿಯೂ ನೋಡದ ತಾಣಕ್ಕೆ ಚೆಂಡನ್ನು ಮುಂಚಿತವಾಗಿ ಕಳುಹುವುದೇ ಈ ವಿದ್ಯೆಯ ಮರ್ಮ. ಅರೆಕ್ಷಣ ತಡವಾದರೆ ಅದು ಎದುರಾಳಿಯ ಕೈಸೇರುತ್ತದೆ.

1998ರಲ್ಲಿ, ಅಮೆರಿಕದ ವೃತ್ತಿಪರ ಲೀಗಿಗೆ ಆ ವರ್ಷ ನಡೆದ ಹೊಸ ಆಟಗಾರರ ಆಯ್ಕೆಯಲ್ಲಿ ಪ್ರಥಮನಾಗಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡವನ್ನು ಸೇರಿದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗನ ಎಸೆತಗಳು ಹೀಗೆ 28 ಬಾರಿ ಎದುರಾಳಿಗಳ ಪಾಲಾದವು. ಆ ಲೀಗಿನಲ್ಲಿ ಹೊಸಬನೊಬ್ಬನ ಮೊದಲ ಋತುವಿನಲ್ಲಿ ಅಷ್ಟಾದದ್ದು ಬೇರೊಂದಿಲ್ಲ. 16 ಪಂದ್ಯಗಳಲ್ಲಿ ತಂಡ ಗೆದ್ದದ್ದು ಮೂರು. ಆ ಹದಿನಾರರಲ್ಲಿಯೂ ಆತನು ಮೊದಲಿನಿಂದಲೇ ಕಣಕ್ಕಿಳಿದನೆಂಬುದೇ ನನ್ನ ಮನಸ್ಸನ್ನು ಸೂರೆಗೊಂಡ ಸಂಗತಿ. ಚೆಂಡನ್ನು ಕಳೆದುಕೊಂಡವನು ತುಸುಹೊತ್ತಿನಲ್ಲಿಯೇ ಮರಳಿ ಹತ್ತು ಮಂದಿಯ ವೃತ್ತದಲ್ಲಿ ನಿಂತು, ಅವರ ದೃಷ್ಟಿಯನ್ನು ಎದುರಿಸಿ, ಕಂಪಿಸದ ಧ್ವನಿಯಲ್ಲಿ ಮುಂದಿನ ವ್ಯೂಹವನ್ನು ನುಡಿಯಬೇಕು. ಓಟದ ದಾರಿಯನ್ನು ತಪ್ಪಿದವನು ಬೇರೊಬ್ಬನಾಗಿದ್ದರೂ ಪ್ರಮಾದವನ್ನು ಬರೆಯುವುದು ಎಸೆದವನ ಹೆಸರಿಗೇ. ಆ ಹೊಣೆಯನ್ನು ಯಾರತ್ತಲೂ ಬೆರಳು ತೋರದೆ ಹೊರುವುದೂ ಅಭ್ಯಾಸದಿಂದಲೇ ಸಿದ್ಧಿಸುವ ಕೌಶಲ. ನನಗಂತೂ ಅದು ತೋಳ್ಬಲಕ್ಕಿಂತ ದುರ್ಲಭವಾಗಿ ತೋರುತ್ತದೆ. ಮರುವರ್ಷ ಪರರ ಪಾಲಾದ ಎಸೆತಗಳು 15ಕ್ಕೆ ಇಳಿದವು. ಅದೇ ತಂಡ 13 ಪಂದ್ಯಗಳನ್ನು ಗೆದ್ದಿತು.