ಹುರಿದಿಟ್ಟವರು ಯಾರು?

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಮತ್ತೆ ಮತ್ತೆ ಓದಿಸಿಕೊಳ್ಳುವ ಕನ್ನಡ ಗದ್ಯವೆಂದರೆ ಅಡುಗೆ ಬರಹವೇ ಇರಬೇಕು. ಕಾದಂಬರಿಯನ್ನು ಒಮ್ಮೆ ಓದಿ ಕಪಾಟಿಗೆ ಸೇರಿಸುತ್ತೇವೆ. ಹುಳಿಪುಡಿ ಮಾಡುವ ಕ್ರಮವನ್ನು ಮಾತ್ರ ವರ್ಷಕ್ಕೆ ಮೂರ್ನಾಲ್ಕು ಸಲ, ಒದ್ದೆ ಕೈಯಲ್ಲಿ ಪುಟ ಹಿಡಿದು, ಒಂದೊಂದೇ ಸಾಲಾಗಿ ಓದುತ್ತೇವೆ. ಇಷ್ಟು ಗಮನವಿಟ್ಟು ಓದುವ ಬರಹವನ್ನು ಬರಹವೆಂದು ಯಾರೂ ವಿಮರ್ಶಿಸುವುದಿಲ್ಲ. ಅಡುಗೆ ಚೆನ್ನಾಗಿ ಬಂದರೆ ಪುಸ್ತಕ ಚೆನ್ನಾಗಿದೆ ಎನ್ನುತ್ತೇವೆ. ಕೆಟ್ಟರೆ ಮಾಡಿದವರ ಕೈ ಸರಿಯಿಲ್ಲ ಎನ್ನುತ್ತೇವೆ. ಈ ಎರಡನೆಯ ತೀರ್ಪಿನ ಬಗ್ಗೆ ನನಗೆ ತಕರಾರಿದೆ.

ಚೆನ್ನೈನಲ್ಲಿ ಆರು ವರ್ಷ ಇದ್ದು, ಈಗ ಒಂಬತ್ತು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಮನೆಯಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಒಬ್ಬಳು ಮಗಳು, ಅಡುಗೆ ಸರದಿಯ ಮೇಲೆ. ಹೀಗಾಗಿ ‘ಸುಲಭ’, ‘ದಿಢೀರ್’, ‘ಕಡಿಮೆ ಖರ್ಚಿನಲ್ಲಿ ಮನೆಮಂದಿಗೆಲ್ಲ’ ಎಂಬ ತಲೆಬರಹ ಇರುವ ಬರಹಗಳು, ಪುರವಣಿಯ ಕತ್ತರಿಕೆಗಳು, ಊರಿಂದ ಬರುವಾಗ ತಂದ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಸುಲಭ, ಕಡಿಮೆ ಖರ್ಚು: ಈ ಎರಡು ಮಾತುಗಳನ್ನು ಅವು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳುತ್ತವೆ ಎಂದು ನೋಡುವುದೇ ಇಲ್ಲಿ ನನ್ನ ಉದ್ದೇಶ.

ಮೊದಲು ವ್ಯಾಕರಣದಿಂದ ಶುರು ಮಾಡೋಣ. ಸುಲಭದ ಅಡುಗೆ ಬರಹದಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡುವ ಪದ ‘ಇಟ್ಟ’. ನೆನೆಸಿಟ್ಟ ಅಕ್ಕಿ, ಬೇಯಿಸಿಟ್ಟ ಬೇಳೆ, ತುರಿದಿಟ್ಟ ಕಾಯಿ, ಹುರಿದಿಟ್ಟ ಮಸಾಲೆ. ಇಪ್ಪತ್ತು ನಿಮಿಷದ ಬಿಸಿಬೇಳೆಬಾತ್ ಎಂದು ತಲೆಬರಹ. ಸಾಮಾನಿನ ಪಟ್ಟಿಯಲ್ಲಿ ‘ಬಿಸಿಬೇಳೆಬಾತ್ ಪುಡಿ 3 ಚಮಚ, ಬೇಯಿಸಿಟ್ಟ ತೊಗರಿಬೇಳೆ 1 ಲೋಟ, ಹೆಚ್ಚಿಟ್ಟ ತರಕಾರಿ 2 ಲೋಟ’ ಎಂದಿರುತ್ತದೆ. ನಿಜವಾದ ಅಡುಗೆ ಆ ಪಟ್ಟಿಯೊಳಗೇ ಮುಗಿದುಹೋಗಿದೆ. ಕೆಳಗಿನ ಇಪ್ಪತ್ತು ನಿಮಿಷ ಕಲಸುವುದಕ್ಕೆ ಮಾತ್ರ. ಹುರಿದಿಟ್ಟವರು ಯಾರು, ಹೆಚ್ಚಿಟ್ಟವರು ಯಾರು, ಎಷ್ಟು ಹೊತ್ತಿಗೆ ಎದ್ದು ಹೆಚ್ಚಿಟ್ಟರು? ಕರ್ತೃ ಇಲ್ಲದ ಈ ಕೃದಂತದ ಹಿಂದೆ ಒಬ್ಬರು ಅಜ್ಜಿ, ಒಬ್ಬರು ಅತ್ತೆ, ಕೆಲಸಕ್ಕೆ ಬರುವ ಒಬ್ಬರು ನಿಂತಿದ್ದಾರೆ. ಕೂಡುಕುಟುಂಬದ ಅಡುಗೆಮನೆಯಲ್ಲಿ ಕೈಗಳು ಬಹಳವಿದ್ದವು, ಹಾಗಾಗಿ ಆ ಪದ ಸುಳ್ಳಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆಗೆ ಅದೇ ಪದ ಬಂದಾಗ ಮಾತ್ರ ಅದು ಶ್ರಮವನ್ನು ಮುಚ್ಚಿಡುತ್ತದೆ. ಅರ್ಧ ಗಂಟೆ ಎಂದು ನಂಬಿ ಏಳೂವರೆಗೆ ಒಲೆ ಹಚ್ಚಿದವರು ಒಂಬತ್ತಕ್ಕೆ ಊಟ ಬಡಿಸಿ, ‘ನನಗೆ ಚುರುಕಿಲ್ಲ’ ಎಂದುಕೊಳ್ಳುತ್ತಾರೆ. ಬರಹದ ತಪ್ಪು ಓದುಗರ ತಲೆಗೆ ಬಂತು.

ಎರಡನೆಯದು ಅಳತೆ. ‘ಹದವಾಗಿ’, ‘ಘಮ್ಮೆನ್ನುವವರೆಗೆ’, ‘ರುಚಿಗೆ ತಕ್ಕಷ್ಟು’ ಎಂಬ ಮಾತುಗಳನ್ನು ಗೇಲಿ ಮಾಡುವುದು ಈಗ ರೂಢಿಯಾಗಿದೆ. ಆದರೆ ಇವೆಲ್ಲ ಒಂದೇ ಜಾತಿಯ ಮಾತುಗಳಲ್ಲ. ‘ಒಂದೆಳೆ ಪಾಕ’ ಎಂಬುದು ನಿಖರವಾದ ಸೂಚನೆ: ಪಾಕವನ್ನು ಎರಡು ಬೆರಳ ನಡುವೆ ಹಿಡಿದು ಎಳೆದರೆ ಒಂದು ಎಳೆ ನಿಲ್ಲಬೇಕು. ‘ಆರು ನಿಮಿಷ ಕುದಿಸಿ’ ಎನ್ನುವುದಕ್ಕಿಂತ ಇದು ಎಷ್ಟೋ ಉತ್ತಮ, ಏಕೆಂದರೆ ನಿಮ್ಮ ಒಲೆಯ ಉರಿ, ನನ್ನ ಒಲೆಯ ಉರಿ ಬೇರೆ. ಎಳೆ ಮಾತ್ರ ಒಂದೇ. ‘ಸಾಸಿವೆ ಚಟಪಟ ಎಂದಾಗ’, ‘ಎಣ್ಣೆ ಬಿಟ್ಟುಕೊಂಡಾಗ’, ‘ತಳ ಬಿಟ್ಟು ಬಂದಾಗ’ ಇವೂ ಹಾಗೆಯೇ. ಕಣ್ಣಿಗೆ, ಕಿವಿಗೆ, ಮೂಗಿಗೆ ಗುರುತು ಕೊಡುವ ಇಂಥ ಮಾತು ಕನ್ನಡ ಅಡುಗೆ ಗದ್ಯದ ದೊಡ್ಡ ಆಸ್ತಿ. ಇದಕ್ಕೆ ಹೋಲಿಸಿದರೆ ‘ನೀರು ಬೇಕಾದಷ್ಟು’ ಎಂಬ ಸಾಲು ಏನೂ ಹೇಳುವುದಿಲ್ಲ. ಗೊತ್ತಿದ್ದವರಿಗೆ ಅದು ಬೇಡ, ಗೊತ್ತಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ.

ಮೂರನೆಯದು ಊರು. ಅಡುಗೆ ಬರಹಕ್ಕೆ ತಾನು ಹುಟ್ಟಿದ ಊರೇ ಇಡೀ ಲೋಕ. ‘ಒಣಮೆಣಸಿನಕಾಯಿ 10’ ಎಂದು ಬರೆದವರ ಮನಸ್ಸಿನಲ್ಲಿ ಇದ್ದದ್ದು ಬ್ಯಾಡಗಿ: ಬಣ್ಣ ಜಾಸ್ತಿ, ಖಾರ ಕಡಿಮೆ. ಹೈದರಾಬಾದಿನ ಅಂಗಡಿಯವರು ಗುಂಟೂರು ಮೆಣಸಿನಕಾಯಿ ಕಟ್ಟಿಕೊಟ್ಟರೆ ಅದೇ ಹತ್ತರಲ್ಲಿ ಹುಳಿ ಬಾಯಿಗಿಡಲಾಗದಷ್ಟು ಖಾರ. ‘ಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಡಿ’ ಎಂಬುದು ಬೆಂಗಳೂರಿಗೆ ಸರಿ. ಚೆನ್ನೈನ ಮೇ ತಿಂಗಳಲ್ಲಿ ಬೆಳಗಾಗುವಷ್ಟರಲ್ಲಿ ಹಿಟ್ಟು ಹುಳಿಯಾಗಿ ಪಾತ್ರೆಯಿಂದ ಉಕ್ಕಿರುತ್ತದೆ. ದೆಹಲಿಯ ಜನವರಿಯಲ್ಲಿ ಮರುದಿನ ಮಧ್ಯಾಹ್ನವಾದರೂ ಅಲುಗಿರುವುದಿಲ್ಲ. ಗಡಸು ನೀರಿನ ಬಡಾವಣೆಯಲ್ಲಿ ಬೇಳೆ ಮೂರು ಸೀಟಿಗೆ ಬೇಯುವುದಿಲ್ಲ. ಇನ್ನು ಸಾಮಾನಿನ ಹೆಸರು. ಕಡಲೆಬೇಳೆ ಪುಣೆಯಲ್ಲಿ ಹರಭರಾ ಡಾಳ, ಚೆನ್ನೈನಲ್ಲಿ ಕಡಲೈಪರುಪ್ಪು, ಹೈದರಾಬಾದಿನಲ್ಲಿ ಶನಗಪಪ್ಪು, ದೆಹಲಿಯಲ್ಲಿ ಚನಾ ದಾಲ್. ನಾಲ್ಕು ಪದಗಳ ಇಂಥದೊಂದು ಸಾಲನ್ನು ಪುಸ್ತಕದ ಕೊನೆಯಲ್ಲಿ ಹಾಕಿದ್ದರೆ ಎಷ್ಟು ಹೊಸಬರಿಗೆ ಅಂಗಡಿಯ ಮುಂದೆ ಕೈಸನ್ನೆ ಮಾಡುವುದು ತಪ್ಪುತ್ತಿತ್ತು!

ಓದುಗರು ಒಂಟಿಯಾಗಿದ್ದಾರೆ ಎಂದು ತಿಳಿದು ಬರೆದವರು ಇಲ್ಲವೆಂದಲ್ಲ. ಚೆನ್ನೈನಲ್ಲಿದ್ದಾಗ ನೆರೆಮನೆಗಳಲ್ಲಿ ನಾನು ಕಂಡದ್ದು ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತು ಪಾರ್’. 1951ರಲ್ಲಿ ಬಂದ ತಮಿಳು ಪುಸ್ತಕ. ಹೆಸರಿನ ಅರ್ಥವೇ ‘ಅಡುಗೆ ಮಾಡಿ ನೋಡು’. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರೂ ಇಲ್ಲದ ಹೊಸ ಸಂಸಾರಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಪ್ರತಿ ಹೆಜ್ಜೆಯನ್ನೂ ಅಳತೆಯೊಂದಿಗೆ ಬರೆದ ಪುಸ್ತಕ ಅದು. ಪುಣೆಗೆ ಬಂದ ಮೇಲೆ ಸಿಕ್ಕಿದ್ದು ಕಮಲಾಬಾಯಿ ಓಗಲೆ ಅವರ ‘ರುಚಿರಾ’, 1970ರ ಮರಾಠಿ ಪುಸ್ತಕ. ಅವರ ಅಳತೆ ವಾಟಿ ಮತ್ತು ಚಮಚ, ಅಂದರೆ ನಮ್ಮ ಬಟ್ಟಲು ಮತ್ತು ಚಮಚ. ಯಾವ ಮನೆಯಲ್ಲಿಯೂ ಇರುವ ಪಾತ್ರೆಯನ್ನೇ ಅಳತೆಗೋಲಾಗಿ ಮಾಡಿಕೊಂಡರೆ ತಕ್ಕಡಿ ಬೇಡ; ಎಲ್ಲವನ್ನೂ ಒಂದೇ ಬಟ್ಟಲಲ್ಲಿ ಅಳೆದರೆ ಬಟ್ಟಲು ಸಣ್ಣದಾದರೂ ಪ್ರಮಾಣ ಕೆಡುವುದಿಲ್ಲ. ಸೇರು, ಪಾವು ಹೋಗಿ ಲೀಟರು, ಕಿಲೋ ಬಂದ ಕೆಲವೇ ವರ್ಷಗಳಲ್ಲಿ ಬಂದ ಈ ಪುಸ್ತಕ ಎರಡರ ಜಗಳವನ್ನೂ ಬಟ್ಟಲಲ್ಲಿ ಮುಗಿಸಿತು. ನಮ್ಮ ಪರಂಪರೆಯೇನೂ ಸಣ್ಣದಲ್ಲ. ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೊಂದು ಅಧ್ಯಾಯವಿದೆ, ಮೂರನೇ ಮಂಗರಸ ಹದಿನಾರನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದ. ಆದರೆ ಮಂಗರಸ ಸ್ವತಃ ಅರಸು ಮನೆತನದವನು. ಅರಮನೆಯ ಪಾಕಶಾಲೆಗೆ ‘ಕಡಿಮೆ ಖರ್ಚು’ ಎಂಬ ಚಿಂತೆ ಇರಲಿಲ್ಲ. ಅಲ್ಲಿಂದ ಇಳಿದು ಬಂದ ವೈಭವದ ದನಿ ಇಂದಿನ ಪುಸ್ತಕಗಳಲ್ಲಿಯೂ ಉಳಿದಿದೆ: ‘ಗೋಡಂಬಿ, ದ್ರಾಕ್ಷಿ ಧಾರಾಳವಾಗಿ ಹಾಕಿ.’

ಬೇಕಿಂಗ್ ವಿಷಯಕ್ಕೆ ಬಂದರೆ ಕನ್ನಡ ಅಡುಗೆ ಬರಹದ ಕಷ್ಟ ಇಮ್ಮಡಿಯಾಗುತ್ತದೆ. ಹುಳಿಗೆ ಉಪ್ಪು ಕಡಿಮೆಯಾದರೆ ಆಮೇಲೆ ಹಾಕಬಹುದು. ಕೇಕನ್ನು ಓವನ್ನಿಗೆ ತಳ್ಳಿದ ಮೇಲೆ ತಿದ್ದುವಂತಿಲ್ಲ. ಹದದ ಗದ್ಯ ಇಲ್ಲಿ ಸೋಲುತ್ತದೆ, ಅಂಕಿಯೇ ಬೇಕು. ಆದರೆ ಯಾವ ಅಂಕಿ? ‘ಮೈದಾ 1 ಕಪ್’ ಎಂದರೆ ಬೇಕಿಂಗ್ ಕಪ್ಪಿನಲ್ಲಿ 240 ಮಿಲಿ. ರೈಸ್ ಕುಕ್ಕರಿನ ಜೊತೆ ಬರುವ ಕಪ್ಪು 180 ಮಿಲಿ. ಕಾಲುಭಾಗ ವ್ಯತ್ಯಾಸ. ಅದೇ 240 ಮಿಲಿ ಕಪ್ಪನ್ನು ಸಡಿಲವಾಗಿ ತುಂಬಿದರೆ ಮೈದಾ ಸುಮಾರು 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ. ಸೋಡಾ ಮಾತ್ರ ಚಮಚದ ಲೆಕ್ಕ, ಕಪ್ಪಿನ ಜೊತೆ ಅದು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಹಾಗಾಗಿ ಬಟ್ಟಲಿನ ಉಪಾಯವೂ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಕೆಲವು ನೂರು ರೂಪಾಯಿಯ ಒಂದು ತಕ್ಕಡಿ, ಗ್ರಾಂನಲ್ಲಿ ಬರೆದ ಒಂದು ಪಟ್ಟಿ: ಕಡಿಮೆ ಖರ್ಚಿನ ಬೇಕಿಂಗ್ ಶುರುವಾಗಬೇಕಾದ್ದು ಇಲ್ಲಿಂದ.

ಅಂಕಿಗಿಂತಲೂ ಮುಖ್ಯವಾದದ್ದು ವಾಕ್ಯಗಳ ಸರದಿ. ಮೊಟ್ಟೆಯಿಲ್ಲದ ರವೆ ಕೇಕಿನ ಬರಹವೊಂದು ನನ್ನ ಮುಂದಿದೆ. ‘ರವೆ, ಸಕ್ಕರೆ, ಸೋಡಾ, ಮೊಸರು, ಎಣ್ಣೆ ಎಲ್ಲವನ್ನೂ ಕಲಸಿ ಅರ್ಧ ಗಂಟೆ ಬಿಡಿ’ ಎನ್ನುತ್ತದೆ. ಸೋಡಾ ಮೊಸರಿನ ಹುಳಿಯನ್ನು ಮುಟ್ಟಿದ ಕ್ಷಣದಿಂದ ಗಾಳಿಗುಳ್ಳೆ ಏಳುತ್ತದೆ. ಅರ್ಧ ಗಂಟೆಯಲ್ಲಿ ಅದರ ಕಸುವಿನ ಬಹುಪಾಲು ಮುಗಿದಿರುತ್ತದೆ. ನೆನೆಯಬೇಕಾದ್ದು ರವೆ, ಸೋಡಾ ಅಲ್ಲ. ಸರಿಯಾಗಿ ಬರೆದರೆ ಹೀಗಿರಬೇಕು: ಚಿರೋಟಿ ರವೆ 170 ಗ್ರಾಂ, ಸಕ್ಕರೆ 120 ಗ್ರಾಂ, ಮೊಸರು 200 ಗ್ರಾಂ, ಎಣ್ಣೆ 60 ಮಿಲಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಅಷ್ಟರಲ್ಲಿ ಓವನ್ನನ್ನು 180 ಡಿಗ್ರಿಗೆ ಕಾಯಿಸಿ, ಏಳು ಅಂಗುಲದ ಪಾತ್ರೆಗೆ ಎಣ್ಣೆ ಸವರಿಟ್ಟುಕೊಳ್ಳಿ. ರವೆ ನೀರು ಹೀರಿ ಗಟ್ಟಿಯಾಗಿರುತ್ತದೆ. ಇಡ್ಲಿ ಹಿಟ್ಟಿನ ಹದಕ್ಕೆ ಬರುವಷ್ಟು ಹಾಲು ಸೇರಿಸಿ. ಅರ್ಧ ಟೀಚಮಚ ಸೋಡಾ ಕೊನೆಗೆ ಹಾಕಿ, ಮೆಲ್ಲಗೆ ಮಗುಚಿ, ತಡಮಾಡದೆ ಒಳಗಿಡಿ. ಮೂವತ್ತರಿಂದ ಮೂವತ್ತೈದು ನಿಮಿಷ. ಕಡ್ಡಿ ಚುಚ್ಚಿ ತೆಗೆದರೆ ಅಂಟಿರಬಾರದು. ಇಲ್ಲಿ ಅಂಕಿಯೂ ಇದೆ, ಹದವೂ ಇದೆ. ‘ಮಗುಚಿ’ ಎಂಬ ಪದವನ್ನೂ ಗಮನಿಸಿ. ‘ಫೋಲ್ಡ್ ಮಾಡಿ’ ಎಂದು ಬರೆಯುವವರಿಗೆ ನಮ್ಮ ಅಡುಗೆಮನೆಯ ಈ ಪದ ಯಾಕೆ ನೆನಪಾಗುವುದಿಲ್ಲವೋ! ಒಗ್ಗರಣೆ ಅವಲಕ್ಕಿಯನ್ನು ಪುಡಿಯಾಗದಂತೆ ಮಗುಚಲು ಬಲ್ಲ ಕೈಗೆ ಕೇಕಿನ ಹಿಟ್ಟು ಹೊಸದೇನಲ್ಲ.

ಕೊನೆಯದು ಖರ್ಚಿನ ಮಾತು. ಕಡಿಮೆ ಖರ್ಚಿನ ಬರಹಗಳು ತಟ್ಟೆಗೆ ಬಂದದ್ದನ್ನು ಲೆಕ್ಕ ಹಾಕುತ್ತವೆ, ಡಬ್ಬಿಯಲ್ಲಿ ಉಳಿದದ್ದನ್ನು ಬಿಡುತ್ತವೆ. ಎರಡು ಚಮಚ ಕ್ರೀಮಿಗೆ ಒಂದು ಪೊಟ್ಟಣ, ನಾಲ್ಕು ಹನಿ ವೆನಿಲಾಗೆ ಒಂದು ಬಾಟಲಿ. ಉಳಿದದ್ದಕ್ಕೆ ಏನು ಮಾಡಬೇಕು ಎಂಬ ಸಾಲು ಇಲ್ಲ. 1500 ವ್ಯಾಟಿನ ಓವನ್ ಮುಕ್ಕಾಲು ಗಂಟೆ ಓಡಿದರೆ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟು. ಕೇಕ್ ತೆಗೆದ ಮೇಲೂ ಅದು ಬಿಸಿಯಾಗಿಯೇ ಇರುತ್ತದೆ. ಆ ಬಿಸಿಯಲ್ಲಿ ಒಂದು ತಟ್ಟೆ ಕಡಲೆಕಾಯಿ ಬೀಜ ಹುರಿದುಕೊಳ್ಳಿ ಎಂದು ಬರೆದವರನ್ನು ನಾನು ಕಂಡಿಲ್ಲ.

ಉಳಿತಾಯದ ಅಡುಗೆ ನಮಗೆ ಹೊರಗಿಂದ ಬರಬೇಕಾದ್ದೂ ಅಲ್ಲ. ಒಬ್ಬಟ್ಟಿನ ದಿನವನ್ನು ನೆನೆಸಿಕೊಳ್ಳಿ. ಒಂದೇ ಪಾತ್ರೆಯ ಬೇಳೆ. ಬಸಿದ ಕಟ್ಟು ಸಾರಿಗೆ, ಬೇಳೆ ಹೂರಣಕ್ಕೆ, ಒಂದು ಹಿಡಿ ಹೂರಣ ಮತ್ತೆ ಸಾರಿನ ಮಸಾಲೆಗೆ. ಇಲ್ಲಿ ಪುಣೆಯಲ್ಲಿಯೂ ಪೂರಣಪೋಳಿಯ ಪಕ್ಕದಲ್ಲಿ ‘ಕಟಾಚಿ ಆಮಟಿ’ ಇರುತ್ತದೆ. ಹೀರೇಕಾಯಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ನಿನ್ನೆಯ ಅನ್ನ ಚಿತ್ರಾನ್ನಕ್ಕೆ, ಉಳಿದ ಇಡ್ಲಿ ಉಪ್ಪಿಟ್ಟಿಗೆ. ಮನೆಯ ಅಡುಗೆ ಒಂದು ಸರಪಣಿ. ಪುಸ್ತಕ ಅದನ್ನು ತುಂಡರಿಸುತ್ತದೆ: ಒಬ್ಬಟ್ಟು ‘ಸಿಹಿ’ ಅಧ್ಯಾಯದಲ್ಲಿ, ಸಾರು ‘ಸಾರು ಹುಳಿ’ ಅಧ್ಯಾಯದಲ್ಲಿ, ಸಿಪ್ಪೆ ಚಟ್ನಿ ನೂರು ಪುಟ ಆಚೆ. ಸಿಹಿಯ ಪುಟ ನೋಡಿ ಒಬ್ಬಟ್ಟು ಮಾಡಿದ ಹೊಸಬರು ಕಟ್ಟನ್ನು ಬಚ್ಚಲಿಗೆ ಚೆಲ್ಲಿದರೆ ಅದಕ್ಕೆ ಹೊಣೆ ಅಧ್ಯಾಯ ಹಂಚಿದವರು.

ಒಂದು ಅಡುಗೆ ಸುಲಭವೋ ಅಲ್ಲವೋ, ಅಗ್ಗವೋ ಅಲ್ಲವೋ ಎಂಬುದು ಅದರ ಮೊದಲ ಸಾಲಿಗಿಂತ ಮುಂಚೆ ಏನಾಗಿದೆ, ಕೊನೆಯ ಸಾಲಿನ ನಂತರ ಏನು ಉಳಿದಿದೆ ಎಂಬುದರಲ್ಲಿದೆ. ಈ ಎರಡು ತುದಿಗಳನ್ನು ಬರೆಯದ ಪುಸ್ತಕ ರುಚಿಯ ವಿಷಯದಲ್ಲಿ ಎಷ್ಟೇ ಸರಿಯಿದ್ದರೂ ಶ್ರಮದ ವಿಷಯದಲ್ಲಿ ಸುಳ್ಳು ಹೇಳುತ್ತದೆ, ಮತ್ತು ಆ ಸುಳ್ಳಿನ ಭಾರ ನಮ್ಮ ಮನೆಗಳಲ್ಲಿ ಇವತ್ತಿಗೂ ಹೆಚ್ಚಾಗಿ ಹೆಂಗಸರ ಮೇಲೆಯೇ ಬೀಳುತ್ತದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಇಷ್ಟು ಹೊತ್ತೇಕೆ ಎಂದು ಕೇಳುವ ಗಂಡನಿಗೆ ಆ ತಲೆಬರಹವೇ ಸಾಕ್ಷಿ ಹೇಳುತ್ತದೆ.

ಮುಂದೆ ಅಡುಗೆ ಪುಸ್ತಕ ಬರೆಯುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ‘ಇಟ್ಟ’ ಎಂದು ಬರೆದ ಕಡೆಯಲ್ಲೆಲ್ಲ ಅದಕ್ಕೆ ಹಿಡಿದ ನಿಮಿಷವನ್ನೂ ಬರೆಯಿರಿ. ಯಾವ ಊರಿನ ಮೆಣಸಿನಕಾಯಿ ಎಂದು ಹೇಳಿ. ಉಳಿದದ್ದನ್ನು ನಾಳೆ ಏನು ಮಾಡಬೇಕು ಎಂದು ಒಂದು ಸಾಲು ಸೇರಿಸಿ. ಪುಸ್ತಕ ಹತ್ತಿಪ್ಪತ್ತು ಪುಟ ದಪ್ಪವಾಗಬಹುದು, ಪರವಾಗಿಲ್ಲ. ಅಲ್ಲಿಯವರೆಗೆ ನಮ್ಮ ಮನೆಯ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಾವೇ ಬರೆದುಕೊಳ್ಳುತ್ತಿದ್ದೇವೆ: ‘ಹೆಚ್ಚಲು 25 ನಿಮಿಷ’, ‘ಇಲ್ಲಿಯ ಮೆಣಸಿನಕಾಯಿ ಆದರೆ 4 ಸಾಕು’, ‘ಕಟ್ಟು ಚೆಲ್ಲಬೇಡಿ, ಪುಟ 112 ನೋಡಿ’.