ಕೊಕ್ಕರೆ ಬೆಳ್ಳೂರಿನ ಮರ, ಬೆಂಗಳೂರಿನ ರಸ್ತೆ

ನಗರ ಬೆಳೆಯಬೇಕು, ರಸ್ತೆ ಅಗಲವಾಗಬೇಕು, ವಾಹನಗಳು ಸರಾಗವಾಗಿ ಓಡಬೇಕು ಎಂಬ ಮಾತಿಗೆ ನಮ್ಮಲ್ಲಿ ಈಗ ಎದುರು ಮಾತೇ ಇಲ್ಲ. ಆದರೆ ಹಾಗೆ ಬೆಳೆದ ನಗರದಲ್ಲಿ ಬದುಕುವವರು ಸುಖವಾಗಿಲ್ಲ. ನಿನ್ನೆಯವರೆಗೆ ಮನೆಯಿದ್ದ ಕಡೆ ಇಂದು ಹೋಟೆಲು, ಅದರ ಮುಂದೆ ಕಾರುಗಳ ಸಾಲು. ಮಕ್ಕಳು ಆಡುತ್ತಿದ್ದ ಬೀದಿ ಈಗ ಮುಖ್ಯರಸ್ತೆಯ ದಟ್ಟಣೆ ತಪ್ಪಿಸಿಕೊಂಡು ಬರುವವರ ಒಳದಾರಿ. ಇದನ್ನು ನಾವು ಸಂಚಾರ ಪೊಲೀಸರ ಸಮಸ್ಯೆ ಎಂದೋ ಪಾಲಿಕೆಯ ಸಮಸ್ಯೆ ಎಂದೋ ತಿಳಿದು ಗೊಣಗಿಕೊಳ್ಳುತ್ತೇವೆ. ಮೂಲದಲ್ಲಿ ಇದು ನೆಲದ ಪ್ರಶ್ನೆ. ಒಂದು ತುಂಡು ನೆಲ ಯಾವುದಕ್ಕೆ ಬಳಕೆಯಾಗಬೇಕು ಎಂಬುದನ್ನು ತೀರ್ಮಾನಿಸುವವರು ಯಾರು?

ಈ ಪ್ರಶ್ನೆಗೆ ಬೆಂಗಳೂರು ಒಂದು ಉತ್ತರ ಕೊಟ್ಟಿದೆ. ಅಲ್ಲಿಂದ ಸುಮಾರು 80 ಕಿ.ಮೀ. ದೂರದಲ್ಲಿರುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಇನ್ನೊಂದು ಉತ್ತರ ಸಿಕ್ಕಿದೆ. ಎರಡೂ ಬಂದದ್ದು ಒಂದೇ ವರ್ಷ, 2007ರಲ್ಲಿ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನಮ್ಮ ಅಭಿವೃದ್ಧಿಯ ಬಗ್ಗೆ ಒಂದಿಷ್ಟು ತಿಳಿಯುತ್ತದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಪರಿಷ್ಕೃತ ಮಹಾಯೋಜನೆ-2015ಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2007ರ ಜೂನ್‌ನಲ್ಲಿ. ರಸ್ತೆಯ ಅಗಲ ಮತ್ತು ನಿವೇಶನದ ಅಳತೆ ನೋಡಿಕೊಂಡು ವಸತಿ ಪ್ರದೇಶದೊಳಗೂ ವ್ಯಾಪಾರಕ್ಕೆ ಅವಕಾಶ ಕೊಡುವ 'ಮಿಶ್ರ ಬಳಕೆ'ಯ ನಿಯಮ ಅದರಲ್ಲಿತ್ತು. ಕೋರಮಂಗಲ, ಇಂದಿರಾನಗರ ಮೊದಲಾದ ಬಡಾವಣೆಗಳ ನಿವಾಸಿಗಳು ಇದನ್ನು ವಿರೋಧಿಸಿದರು, ನಾಗರಿಕ ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಮಿಶ್ರ ಬಳಕೆ ಎಂಬುದು ತಾನಾಗಿ ಕೆಟ್ಟದ್ದೇನಲ್ಲ. ಚಿಕ್ಕಪೇಟೆ, ಶಿವಾಜಿನಗರ, ಮೈಸೂರಿನ ಮಂಡಿ ಮೊಹಲ್ಲಾಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ತಲೆಮಾರುಗಳ ಪದ್ಧತಿ. ಅಲ್ಲಿ ಅಂಗಡಿಯವನೂ ಆ ಬೀದಿಯವನೇ. ಗದ್ದಲವಾದರೆ ಅವನ ಮನೆಯ ಮಗುವಿಗೂ ನಿದ್ದೆಯಿಲ್ಲ. ಹೊಸ ಬಡಾವಣೆಗಳಲ್ಲಿ ಲಾಭ ಮಾಡಿಕೊಳ್ಳುವವನು ಬೇರೆ ಕಡೆ ಮಲಗುತ್ತಾನೆ, ಗದ್ದಲ ಕೇಳುವವರು ಅಲ್ಲಿ ಉಳಿದವರು.

ಈ ನಿಯಮದೊಳಗೆ ಒಂದು ವಿಷವರ್ತುಲವೂ ಇದೆ. ರಸ್ತೆ ಅಗಲವಿದ್ದರೆ ಅಂಗಡಿ. ಅಂಗಡಿ ಬಂದರೆ ವಾಹನ. ವಾಹನ ಹೆಚ್ಚಿದರೆ ರಸ್ತೆ ಇನ್ನಷ್ಟು ಅಗಲ. ಅಗಲವಾದ ಮೇಲೆ ಮತ್ತೆ ಅಂಗಡಿ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿ ಹೋಗಿದೆ. ಯಾವ ರಸ್ತೆ ಇಷ್ಟನ್ನು ತಾಳೀತು? ಇನ್ನು ಯೋಜನೆಯಲ್ಲಿ ಒಂದು ಬಳಕೆಗೆಂದು ಗುರುತಿಸಿದ ಜಾಗವನ್ನು ಮತ್ತೊಂದಕ್ಕೆ ಬದಲಿಸಲು 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಲ್ಲಿ ದಾರಿಯಿದೆ. ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆ ಕೇಳಲಾಗುತ್ತದೆ. ನಿವಾಸಿಗೆ ಅಲ್ಲಿರುವ ಹೆಸರು 'ಆಕ್ಷೇಪಣೆದಾರ'. ಕೇಳಿಸಿಕೊಳ್ಳಬಹುದು, ಬಿಡಲೂಬಹುದು. ತೀರ್ಮಾನ ಅವನದಲ್ಲ.

ಈಗ ಕೊಕ್ಕರೆ ಬೆಳ್ಳೂರಿಗೆ ಬರೋಣ. ಹಳೆಯ ಬೆಂಗಳೂರು-ಮೈಸೂರು ರಸ್ತೆಯ ರುದ್ರಾಕ್ಷಿಪುರದ ಬಳಿ ತಿರುಗಿ 12 ಕಿ.ಮೀ. ಹೋದರೆ ಸಿಗುವ, ಶಿಂಷಾ ನದಿಗೆ ಹತ್ತಿರದ ಊರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಲ್ಲಿ ಊರ ನಡುವಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಚಳಿಗಾಲದ ಹೊತ್ತಿಗೆ ಬಂದು, ಮರಿ ಮಾಡಿ, ಮಳೆಗಾಲದ ಆರಂಭಕ್ಕೆ ಹೊರಡುತ್ತವೆ. ಊರವರ ಕಣ್ಣಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಹಿಂದೆ ನದಿಯ ಹತ್ತಿರವಿದ್ದ ಊರು ಪ್ಲೇಗಿನ ಕಾಲದಲ್ಲಿ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. ಮರದಡಿಯ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ ಈ ಊರು ಹೊರಜಗತ್ತಿಗೆ ಪರಿಚಯವಾಯಿತು. ಹಕ್ಕಿ ಕೂತ ಮರದ ಹುಣಸೆ ಫಸಲು ಹಾಳಾಗುವುದರಿಂದ ಮರದ ಒಡೆಯರಿಗೆ ಇಲಾಖೆ ಪರಿಹಾರಧನ ಕೊಡುವ ಏರ್ಪಾಡೂ ಆ ಬಳಿಕ ಬಂತು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಒತ್ತಾಸೆಯಿಂದ ಊರ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುವ ಕೆಲಸಕ್ಕೆ ನಿಂತರು.

2007ರಲ್ಲಿ ಇಲ್ಲಿನ 312 ಹೆಕ್ಟೇರ್ ಪ್ರದೇಶವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಹುಟ್ಟಿದ ಹೊಸ ಬಗೆಯಿದು. ಸರ್ಕಾರ ಜಮೀನು ಕಿತ್ತುಕೊಳ್ಳುವುದಿಲ್ಲ, ಜನರನ್ನು ಒಕ್ಕಲೆಬ್ಬಿಸುವುದಿಲ್ಲ. ಅದರ 36-ಸಿ ಕಲಮಿನಲ್ಲಿರುವ ಒಂದು ಮಾತು ನಮ್ಮ ಗಮನಕ್ಕೆ ಬರಬೇಕು. ಘೋಷಣೆಯಾದ ಮೇಲೆ ಅಲ್ಲಿನ ಭೂ ಬಳಕೆಯನ್ನು ಬದಲಿಸಬೇಕಾದರೆ ಸಮುದಾಯದ ನಿರ್ವಹಣಾ ಸಮಿತಿ ನಿರ್ಣಯ ಮಾಡಬೇಕು, ಅದಕ್ಕೆ ಸರ್ಕಾರ ಒಪ್ಪಬೇಕು. ಕಾಯ್ದೆ ಮೊದಲು ರೂಪುಗೊಂಡಾಗ ಆ ಸಮಿತಿಯಲ್ಲಿ ಪಂಚಾಯಿತಿ ಸೂಚಿಸುವ ಐವರು, ಇಲಾಖೆಯವರು ಒಬ್ಬರೇ. ನೆಲದ ಬಗ್ಗೆ ಮೊದಲ ಮಾತು ಅಲ್ಲಿ ವಾಸಿಸುವವರದು. ಬೆಂಗಳೂರಿನ ಯಾವ ವಾರ್ಡಿನ ನಿವಾಸಿಗೂ ಈ ಹಕ್ಕಿಲ್ಲ.

ಇಷ್ಟಕ್ಕೇ ನಿಲ್ಲಿಸಿ ಕೊಕ್ಕರೆ ಬೆಳ್ಳೂರನ್ನು ಹೊಗಳಿಬಿಡುವುದು ಸುಲಭ. ನಮ್ಮ ಪತ್ರಿಕೆಗಳ ಭಾನುವಾರದ ಪುಟಗಳು ಮಾಡಿಕೊಂಡು ಬಂದದ್ದೂ ಅದನ್ನೇ. ಮನುಷ್ಯ-ಪಕ್ಷಿ ಸಾಮರಸ್ಯ, ಮುಗ್ಧ ಹಳ್ಳಿಗರು, ಎರಡು ಸುಂದರ ಚಿತ್ರ. ಆ ಸಾಮರಸ್ಯದ ಖರ್ಚು ಯಾರ ಲೆಕ್ಕದಲ್ಲಿ ಬೀಳುತ್ತದೆ ಎಂದು ಬರೆದವರು ಕಡಿಮೆ. ಮರ ರೈತನದು. ಹುಣಸೆ ಕೈಗೆ ಬಾರದ ವರ್ಷ ನಷ್ಟ ಅವನದು. ಅಂಗಳದಲ್ಲಿ ಮೀನಿನ ನಾತ ಸಹಿಸುವವಳು ಅವನ ಮನೆಯವಳು. ಪರಿಹಾರದ ಹಣ ಫಸಲಿನ ಬೆಲೆಗೆ ಸಮವಿಲ್ಲ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ದೂರು ಹಳೆಯದು. ಮಗಳ ಮದುವೆಯೋ ಮನೆ ಕಟ್ಟುವ ಕೆಲಸವೋ ಬಂದಾಗ ಮರ ಮಾರುವ ರೈತನನ್ನು ದೂರುವ ಅಧಿಕಾರ, ಕಾರಿನಲ್ಲಿ ಬಂದು ಅರ್ಧ ಗಂಟೆ ಕ್ಯಾಮೆರಾ ಹಿಡಿದು ಹೋಗುವ ನಮಗಿದೆಯೇ? ತೀರ್ಮಾನದ ಹಕ್ಕು ಕೊಟ್ಟು ಅದರ ಭಾರವನ್ನೆಲ್ಲ ಬಡವನ ಹೆಗಲಿಗೇ ಬಿಟ್ಟರೆ ಆ ಹಕ್ಕು ಬಹುಕಾಲ ಬಾಳುವುದಿಲ್ಲ.

ಎರಡನೆಯ ಕೊರತೆ ಮೀಸಲು ಪ್ರದೇಶದ ಗಡಿಯದು. ಹಕ್ಕಿ ಗೂಡು ಕಟ್ಟುವುದು ಊರಿನಲ್ಲಾದರೂ ಮೀನು ಹಿಡಿಯುವುದು ಸುತ್ತಲಿನ ಕೆರೆಗಳಲ್ಲಿ, ಶಿಂಷೆಯಲ್ಲಿ. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು; ಹೊಟ್ಟೆಯೊಳಗೆ ಜಂತುಹುಳುಗಳು ಕಂಡುಬಂದವು. ಅಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ತಿಂದ ಮೀನಿನ ಮೂಲಕ. ಕೆರೆಯ ಮೇಲೆ, ಅದಕ್ಕೆ ಹರಿದು ಬರುವ ಕೊಳಕಿನ ಮೇಲೆ ಕೊಕ್ಕರೆ ಬೆಳ್ಳೂರಿನ ಸಮಿತಿಯ ಮಾತು ನಡೆಯುವುದಿಲ್ಲ.

ಹೆದ್ದಾರಿಯ ಮೇಲಂತೂ ಮೊದಲೇ ಇಲ್ಲ. ಬೆಂಗಳೂರು-ಮೈಸೂರು ನಡುವಿನ 118 ಕಿ.ಮೀ. ದಶಪಥದ ಉದ್ಘಾಟನೆ 2023ರ ಮಾರ್ಚ್ 12ರಂದು ಇದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಂದರೆ ಯಾವ ರೈತರ ಜಮೀನಿನ ಮೇಲೆ ರಸ್ತೆ ಹಾದುಹೋಯಿತೋ ಅವರ ವಾಹನಕ್ಕೇ ಅಲ್ಲಿ ಜಾಗವಿಲ್ಲ. ಪ್ರಯಾಣದ ಹೊತ್ತು ಕಡಿಮೆಯಾದದ್ದು ನಿಜ. ಅದೇ ಹೊತ್ತಿಗೆ ಹಳೆಯ ರಸ್ತೆಯಲ್ಲಿ ವಡೆ, ಎಳನೀರು, ಚನ್ನಪಟ್ಟಣದ ಗೊಂಬೆ ಮಾರಿ ಬದುಕುತ್ತಿದ್ದವರ ವ್ಯಾಪಾರ ಕುಸಿಯಿತು. ಇದಕ್ಕೂ ಮೊದಲು, 2020ರಲ್ಲಿ, ಭೂ ಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರೂ ಹೊಲ ಕೊಳ್ಳುವಂತೆ ಮಾಡಲಾಗಿತ್ತು. ಬೆಂಗಳೂರಿಗೆ ಹತ್ತಿರವಾದಷ್ಟೂ ಹೊಲಕ್ಕೆ ನಿವೇಶನದ ಬೆಲೆ ಬರುತ್ತದೆ. ಆ ಬೆಲೆಯ ಮುಂದೆ ಹುಣಸೆ ಮರ ಎಷ್ಟು ದಿನ ನಿಂತೀತು?

ನಗರದ ನಿವಾಸಿಗಳ ಸಂಘಗಳಿಗೂ ನಮ್ಮದೊಂದು ಮಾತಿದೆ. ಅವರ ಆತಂಕ ನ್ಯಾಯವಾದದ್ದು. ಆದರೆ ಪಬ್ಬು ಬೇಡ ಎನ್ನುವ ದನಿ ಕೆಲವೊಮ್ಮೆ ತರಕಾರಿ ಗಾಡಿಯೂ ಬೇಡ ಎನ್ನುತ್ತದೆ. ಬೀದಿಯಲ್ಲಿ ದಟ್ಟಣೆ ಎಂದು ದೂರುವ ಮನೆಯ ಮುಂದೆ ಎರಡು ಕಾರು ನಿಂತಿರುತ್ತವೆ. ಬಾಡಿಗೆದಾರ, ಕೆಲಸದಾಕೆ, ಆಟೊ ಚಾಲಕ ಇವರೂ ಆ ಬೀದಿಯ ಜನ ಎಂದು ಒಪ್ಪದಿದ್ದರೆ ನಿವಾಸಿಯ ಹಕ್ಕು ಎಂಬುದು ನಿವೇಶನದಾರನ ಹಕ್ಕಾಗಿಯಷ್ಟೇ ಉಳಿಯುತ್ತದೆ.

ಕೊಕ್ಕರೆ ಬೆಳ್ಳೂರನ್ನು ಪರಿಚಯಿಸಿದ ನೇಗಿನಹಾಳರೇ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರು. 2021ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ನಗರದ ಎಷ್ಟೋ ಸಾಲುಮರಗಳು ರಸ್ತೆ ಅಗಲೀಕರಣಕ್ಕೆ, ಮೆಟ್ರೊಗೆ ಬಲಿಯಾಗಿದ್ದವು. ಮರ ನೆಡುವುದು ಒಬ್ಬ ಒಳ್ಳೆಯ ಅಧಿಕಾರಿಯಿಂದ ಆಗುತ್ತದೆ. ಅದನ್ನು ಉಳಿಸುವುದಕ್ಕೆ ಅದರ ನೆರಳಿನಲ್ಲಿರುವವರ ಕೈಯಲ್ಲಿ ಅಧಿಕಾರ ಬೇಕು.

ಹಾಗಾಗಿ ಕೇಳಬೇಕಾದದ್ದು ಎರಡು. ಹಕ್ಕಿಗೆ ಮರ ಬಿಟ್ಟುಕೊಟ್ಟ ರೈತನಿಗೆ ಆ ವರ್ಷದ ಹುಣಸೆಯ ಮಾರುಕಟ್ಟೆ ಬೆಲೆ ಸಿಗಬೇಕು, ಸುತ್ತಲಿನ ಕೆರೆಗಳ ವಿಚಾರದಲ್ಲೂ ಆ ಊರಿನ ಮಾತು ನಡೆಯಬೇಕು. ನಗರದ ವಾರ್ಡ್ ಸಮಿತಿಗೆ ಆಕ್ಷೇಪಣೆ ಬರೆಯುವ ಅವಕಾಶ ಸಾಲದು. ಭೂ ಬಳಕೆಯ ಬದಲಾವಣೆ ಅದರ ನಿರ್ಣಯವಿಲ್ಲದೆ ಆಗಬಾರದು. ಹಕ್ಕಿಗಳಿರುವ ಒಂದು ಹಳ್ಳಿಗೆ ಕಾನೂನು ಕೊಟ್ಟ ಮರ್ಯಾದೆಯನ್ನು ಮನುಷ್ಯರು ತುಂಬಿದ ಬೀದಿಗೆ ಕೊಡಲು ಸರ್ಕಾರಕ್ಕೆ ಏನು ಅಡ್ಡಿ?