ಎಚ್‌ಎಲ್‌ಎ ವರದಿ: ಅನುಮಾನವನ್ನೂ ದಾಖಲಿಸುವ ಪದ್ಧತಿ

ಅಸ್ಥಿಮಜ್ಜೆ ಕಸಿಗೆ ದಾನಿ ಹುಡುಕುವ ಕೆಲಸ ಶುರುವಾಗುವುದೇ ಎಚ್‌ಎಲ್‌ಎ ವರದಿಯಿಂದ, ಅಂದರೆ ದಾನಿ-ರೋಗಿಯ ಹೊಂದಿಕೆಯನ್ನು ನಿರ್ಧರಿಸುವ ಎಚ್‌ಎಲ್‌ಎ ಜೀನ್‌ಗಳ ಪರೀಕ್ಷಾ ವರದಿಯಿಂದ. ಆರನೇ ಕ್ರೋಮೋಸೋಮಿನಲ್ಲಿರುವ ಈ ಜೀನ್‌ಗಳಷ್ಟು ವೈವಿಧ್ಯ ಬೇರೆ ಕಡೆ ಕಾಣುವುದು ಅಪರೂಪ. ಇದುವರೆಗೆ ಹೆಸರು ಪಡೆದ ಅಲೀಲ್‌ಗಳೇ (ಜೀನಿನ ಭಿನ್ನ ರೂಪಗಳೇ) 40 ಸಾವಿರ ದಾಟಿವೆ. ಹಾಗಾಗಿ ಪರೀಕ್ಷೆ ಚೆನ್ನಾಗಿ ನಡೆದರೂ ಎಷ್ಟೋ ಸಲ ಒಂದೇ ಉತ್ತರ ಸಿಗುವುದಿಲ್ಲ, ‘ಇದಿರಬೇಕು, ಇಲ್ಲವೇ ಅದು’ ಎಂಬಲ್ಲಿಗೆ ನಿಲ್ಲುತ್ತದೆ. ಆ ಅನುಮಾನವನ್ನು ಕೆಡಿಸದೆ ಬರೆದಿಡಲು 2013ರಲ್ಲಿ ಪ್ರಕಟವಾದದ್ದು ಜಿಎಲ್ (ಜೀನೋಟೈಪ್ ಲಿಸ್ಟ್) ಸ್ಟ್ರಿಂಗ್ ಪದ್ಧತಿ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕಾರಣ ಇಷ್ಟೆ. ಒಬ್ಬ ರೋಗಿಯ ಎಚ್‌ಎಲ್‌ಎ-ಎ ಜೀನಿನಲ್ಲಿ ಎರಡು ಸಾಧ್ಯತೆ ಉಳಿದಿವೆ ಎನ್ನೋಣ: 02:01ರ ಜೊತೆ 03:01, ಅಥವಾ 02:02ರ ಜೊತೆ 03:02. ಅಮೆರಿಕದ ದಾನಿ ನೋಂದಣಿ ಸಂಸ್ಥೆ ಎನ್‌ಎಂಡಿಪಿ ರೂಢಿಗೆ ತಂದ ಅಕ್ಷರ ಸಂಕೇತಗಳಲ್ಲಿ 02ರ ಪರ್ಯಾಯಗಳು ಒಂದು ಗಂಟು, 03ರವು ಇನ್ನೊಂದು ಗಂಟು. ಬರೆಯಲು ಚಿಕ್ಕದು, ನಿಜ. ಆದರೆ ಯಾವುದಕ್ಕೆ ಯಾವುದು ಜೋಡಿ ಎಂಬ ಮಾಹಿತಿ ಅಲ್ಲಿಗೇ ಹೋಯಿತು. ಲ್ಯಾಬ್ ಕಂಡದ್ದು ಎರಡು ಸಾಧ್ಯತೆ, ಓದುವವರಿಗೆ ಉಳಿಯುವುದು ನಾಲ್ಕು. ಜಿಎಲ್ ಸ್ಟ್ರಿಂಗ್‌ನಲ್ಲಿ ಅದೇ ಫಲಿತಾಂಶ ಹೀಗಿರುತ್ತದೆ:

ಎಚ್‌ಎಲ್‌ಎ-ಎ*02:01+ಎಚ್‌ಎಲ್‌ಎ-ಎ*03:01|ಎಚ್‌ಎಲ್‌ಎ-ಎ*02:02+ಎಚ್‌ಎಲ್‌ಎ-ಎ*03:02

ಕೂಡುವ ಚಿಹ್ನೆ ಜೀನಿನ ಎರಡು ಪ್ರತಿಗಳನ್ನು ಸೇರಿಸುತ್ತದೆ. ನಡುವಿನ ಉದ್ದಗೆರೆ ಇಡೀ ಜೋಡಿಗೆ ಪರ್ಯಾಯ ಜೋಡಿಯನ್ನು ಮುಂದಿಡುತ್ತದೆ. ಒಂದೇ ಕ್ರೋಮೋಸೋಮಿನಲ್ಲಿ ಒಟ್ಟಿಗಿರುವ ಅಲೀಲ್‌ಗಳಿಗೆ ~ ಎಂಬ ಗುರುತಿದೆ. ಇಂಥ ಬೆರಳೆಣಿಕೆಯ ಚಿಹ್ನೆಗಳಲ್ಲೇ ಎಲ್ಲವೂ ಮುಗಿಯುತ್ತದೆ, ಕಂಪ್ಯೂಟರೂ ತಪ್ಪಿಲ್ಲದೆ ಓದುತ್ತದೆ.

ಕೊರತೆಯೂ ಸಣ್ಣದಲ್ಲ. ಅಲೀಲ್‌ಗಳ ಅಧಿಕೃತ ಪಟ್ಟಿ ಮೂರು ತಿಂಗಳಿಗೊಮ್ಮೆ ಪರಿಷ್ಕಾರಗೊಳ್ಳುತ್ತದೆ. 2010ರಲ್ಲಂತೂ ಎ*0201 ಎಂಬುದು ಎ*02:01 ಆಗಿ, ಹೆಸರಿಡುವ ಕ್ರಮವೇ ಬದಲಾಯಿತು. ಬರೀ ಸ್ಟ್ರಿಂಗ್ ನೋಡಿದರೆ ಅದು ಯಾವ ಆವೃತ್ತಿಯ ಪಟ್ಟಿಗೆ ಹೋಲಿಸಿ ಬರೆದದ್ದು ಎಂದು ತಿಳಿಯದು. ಆವೃತ್ತಿಯ ಸಂಖ್ಯೆಯನ್ನು ಮೊದಲಲ್ಲೇ ನಮೂದಿಸುವ ವಿಸ್ತೃತ ರೂಪ ಬಂದದ್ದು ಆಮೇಲೆ. ನನಗೆ ಹೆಚ್ಚು ಕಳವಳ ತರುವುದು ಮತ್ತೊಂದು ವಿಷಯ: ಲ್ಯಾಬ್ ಜೀನಿನ ಯಾವ ಭಾಗವನ್ನು ಓದಿತು, ಯಾವುದನ್ನು ಓದಲೇ ಇಲ್ಲ ಎಂಬುದನ್ನು ಸ್ಟ್ರಿಂಗ್ ಹೇಳುವುದಿಲ್ಲ. ಹುಡುಕಿದರೂ ಸಿಗದಿರುವುದು ಬೇರೆ, ಹುಡುಕದೇ ಇರುವುದು ಬೇರೆ. ಇಂಥ ವರದಿಯಲ್ಲಿ ಕನಿಷ್ಠ ಏನಿರಬೇಕೆಂದು ಹೇಳುವ 2015ರ ಮೈರಿಂಗ್ (MIRING) ಮಾರ್ಗಸೂಚಿ ಈ ವಿವರವನ್ನೂ ಕೇಳುತ್ತದೆ. ಅದು ತೀರಾ ಅಗತ್ಯವಾದ ಷರತ್ತು.

ಇದು ದೂರದ ಊರಿನ ಚರ್ಚೆಯಲ್ಲ. ಬೆಂಗಳೂರಿನಿಂದ ಕೆಲಸ ಮಾಡುವ ಡಿಕೆಎಂಎಸ್ ಸಂಸ್ಥೆಯಲ್ಲಿ ದಾನಿಗಳಾಗಿ ಹೆಸರು ನೋಂದಾಯಿಸಿದವರ ಕೆನ್ನೆಯೊಳಗಿನ ಸ್ವಾಬ್ ಎಚ್‌ಎಲ್‌ಎ ಪರೀಕ್ಷೆಗೆ ಹೋಗುವುದು ಜರ್ಮನಿಯ ಡ್ರೆಸ್ಡನ್‌ಗೆ. ಜಗತ್ತಿನಲ್ಲಿ ಈಗ 4 ಕೋಟಿಗೂ ಹೆಚ್ಚು ನೋಂದಾಯಿತ ದಾನಿಗಳಿದ್ದಾರೆ. ಇಲ್ಲಿಯ ರೋಗಿಗೆ ಹೊಂದುವವರು ಯಾವ ದೇಶದಲ್ಲಾದರೂ ಸಿಗಬಹುದು. ಆದ್ದರಿಂದ ಲ್ಯಾಬ್‌ಗಳು ಕಾಗದದ ವರದಿಯ ಜೊತೆಗೆ ಸ್ಟ್ರಿಂಗ್, ಪಟ್ಟಿಯ ಆವೃತ್ತಿ, ಓದಿದ ಭಾಗ ಈ ಮೂರನ್ನೂ ಕೊಡಲಿ. ಕೊಡದಿದ್ದರೆ ಕಸಿ ಕೇಂದ್ರದ ವೈದ್ಯರು ಕೇಳಿ ಪಡೆಯಲಿ.